ಲಾರಿಯ ಎಂಜಿನ್, ರೇಸಿನ ಕಾರು

ಲಿಂಗಸುಗೂರಿನ ಕಡೆಯಿಂದ ಹತ್ತಿ ಹೇರಿಕೊಂಡು ಸುರಪುರ ದಾಟಿ ಬಂದ ಲಾರಿ ಶಹಾಪುರದ ಢಾಬಾ ಮುಂದೆ ನಿಲ್ಲುತ್ತದೆ. ಅನುಭವಸ್ಥ ಚಾಲಕ ಕೂಡಲೇ ಎಂಜಿನ್ ಆರಿಸುವುದಿಲ್ಲ. ಒಂದೆರಡು ನಿಮಿಷ ಹಾಗೆಯೇ ಗುರುಗುಟ್ಟಲು ಬಿಟ್ಟು ಆಮೇಲೆ ಕೀಲಿ ತಿರುವುತ್ತಾನೆ. ನೋಡಿದವರಿಗೆ ಇದು ಸುಮ್ಮನೆ ಡೀಸೆಲ್ ಸುಡುವ ಚಟವೆಂದು ಅನಿಸಬಹುದು. ಅಲ್ಲ, ಅದು ಟರ್ಬೋಚಾರ್ಜರಿನ ಜೀವ ಉಳಿಸುವ ಉಪಾಯ.

ಎಂಜಿನ್ ಉಗುಳುವ ಬಿಸಿ ಹೊಗೆಯಲ್ಲಿ ಇಂಧನದ ಶಕ್ತಿಯ ಸುಮಾರು ಮೂರರಲ್ಲಿ ಒಂದು ಪಾಲು ಹೊರಟುಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ಪುಟ್ಟ ಚಕ್ರವೊಂದನ್ನು ಇಟ್ಟರೆ ಅದು ಗಿರಗಿರನೆ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದ್ದರೆ ಡೀಸೆಲ್ಲನ್ನೂ ಹೆಚ್ಚು ಸುಡಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಈ ದಂಡ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ. ಅದನ್ನು ಹೊತ್ತಿರುವುದು ತೆಳ್ಳಗಿನ ಎಣ್ಣೆಯ ಪದರ. ಎಂಜಿನ್ ಥಟ್ಟನೆ ನಿಂತರೆ ಎಣ್ಣೆಯ ಹರಿವೂ ನಿಂತಿತು. ಕಾದ ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ. ಬೇರಿಂಗ್ ಸವೆಯಲು ಇನ್ನೇನು ಬೇಕು?

ಇಂಥ ಎಂಜಿನ್ನನ್ನು ಕಾರಿಗೆ ಕೂರಿಸಿದರೆ ಅದು ಹಾರಿಯೇ ಹೋದೀತು ಎಂದು ಯಾದಗಿರಿಯ ಗ್ಯಾರೇಜಿನಲ್ಲಿ ಪಾನಾ ಹಿಡಿದು ಕಲಿಯುವ ಹುಡುಗನಿಗೆ ಅನಿಸಿದರೆ ತಪ್ಪಲ್ಲ. ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಏರಿಸಿದ ಫಿಟ್ಟರುಗಳು ನಮ್ಮ ದೇಶದಲ್ಲಿ ಎಷ್ಟೋ ಮಂದಿ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಎಂಜಿನ್ನಿನ ಶಕ್ತಿ ಎಂದರೆ ತಿರುಚುವ ಬಲ ಮತ್ತು ಸುತ್ತುವ ವೇಗಗಳ ಗುಣಲಬ್ಧ. 130 ಅಶ್ವಶಕ್ತಿಯನ್ನು ಲಾರಿ ಎಂಜಿನ್ 2,400 ಸುತ್ತಿನಲ್ಲಿ ಕೊಟ್ಟರೆ, ಸ್ಪೋರ್ಟ್ಸ್ ಕಾರಿನ ಎಂಜಿನ್ 6,000 ಸುತ್ತಿನಲ್ಲಿ ಕೊಡುತ್ತದೆ ಎನ್ನೋಣ. ಶಕ್ತಿ ಒಂದೇ, ತಿರುಚುವ ಬಲ ಮಾತ್ರ ಲಾರಿಯದು ಎರಡೂವರೆ ಪಟ್ಟು. ಕಾರಿನ ಕ್ಲಚ್ಚು, ಗೇರು, ಆಕ್ಸಲ್ಲುಗಳು ಅದನ್ನು ತಾಳಬೇಕಲ್ಲ! ಇನ್ನು ತೂಕ. ಮಾರುತಿ 800 ಇಡೀ ಕಾರೇ ಸುಮಾರು 650 ಕಿಲೊ. ಆರು ಸಿಲಿಂಡರಿನ ಲಾರಿ ಎಂಜಿನ್ ಒಂದೇ 450 ಕಿಲೊ ಸುತ್ತಮುತ್ತ ತೂಗುತ್ತದೆ. ಮೂಗು ಭಾರವಾದ ಕಾರು ತಿರುವಿನಲ್ಲಿ ತಿರುಗದೆ ನೇರ ಹೊಲಕ್ಕೆ ನುಗ್ಗಿದರೆ ಅಚ್ಚರಿಯಿಲ್ಲ.

ಇಷ್ಟಾದರೂ ಒಮ್ಮೆ ಇದು ನಡೆದಿದೆ. ಮುಂದೆ 1962ರಲ್ಲಿ ಕಿರ್ಲೋಸ್ಕರ್ ಜೊತೆಗೂಡಿ ಪುಣೆಗೂ ಬಂದ ಅಮೆರಿಕದ ಕಮಿನ್ಸ್ ಕಂಪನಿ, 1952ರ ಇಂಡಿಯಾನಾಪೊಲಿಸ್ 500 ಮೈಲಿ ರೇಸಿಗೆ ತನ್ನ 6.6 ಲೀಟರಿನ ಲಾರಿ ಎಂಜಿನ್ನನ್ನು ತಿದ್ದಿ ಇಳಿಸಿತು. ತೂಕ ತಗ್ಗಿಸಲು ಹಗುರ ಲೋಹದ ಭಾಗಗಳು; ಕಾರು ತಗ್ಗಾಗಿರಲೆಂದು ಎಂಜಿನ್ನನ್ನು ಮಗ್ಗುಲಿಗೆ ಮಲಗಿಸಿದರು. ಅದಕ್ಕೊಂದು ಟರ್ಬೋ. ಆ ರೇಸಿನಲ್ಲಿ ಟರ್ಬೋ ಹೊತ್ತ ಮೊದಲ ಕಾರು ಅದೇ. ಬಂದ ಶಕ್ತಿ ಸುಮಾರು 380 ಅಶ್ವಶಕ್ತಿ. ಚಾಲಕ ಫ್ರೆಡ್ ಅಗಬಾಷಿಯನ್ ಅರ್ಹತಾ ಸುತ್ತುಗಳಲ್ಲಿ ಗಂಟೆಗೆ ಸರಾಸರಿ 138 ಮೈಲಿ, ಅಂದರೆ 222 ಕಿಲೊಮೀಟರ್ ಓಡಿಸಿ, ಪೆಟ್ರೋಲು ಆಲ್ಕೊಹಾಲುಗಳ ಕಾರುಗಳನ್ನೆಲ್ಲ ಹಿಂದಿಕ್ಕಿ ಸಾಲಿನ ಮೊದಲ ಸ್ಥಾನ ಹಿಡಿದ. ನೋಡಿದವರು ದಂಗಾದರು.

ರೇಸಿನ ದಿನ ಕಥೆ ಬದಲಾಯಿತು. ಹೊಗೆ ಜೋರಾಗಿ ಬಂದ ಮೇಲಷ್ಟೇ ಟರ್ಬೋ ಎಚ್ಚರಗೊಳ್ಳುವುದು. ಬಾವುಟ ಬಿದ್ದೊಡನೆ ಹಗುರ ಕಾರುಗಳು ಮುಂದೆ ಹಾರಿದವು. ಆದರೂ ಕಮಿನ್ಸ್ ಮುಂದಿನವರ ಗುಂಪಿನಲ್ಲೇ ಇತ್ತು. ಕೆಡಿಸಿದ್ದು ಒಂದು ಸಣ್ಣ ಸಂಗತಿ. ಗಾಳಿ ಎಳೆಯುವ ಬಾಯಿಯನ್ನು ಕಾರಿನ ಮೂಗಿನಲ್ಲಿ, ನೆಲಕ್ಕೆ ಸಮೀಪ ಇಟ್ಟಿದ್ದರು. ಮುಂದಿನ ಕಾರುಗಳ ಟೈರಿನಿಂದ ಉದುರಿದ ರಬ್ಬರಿನ ಪುಡಿ ಒಳಗೆ ಸೇರಿ ಟರ್ಬೋದ ಬಾಯಿ ಕಟ್ಟಿತು. 200 ಸುತ್ತಿನ ರೇಸಿನಲ್ಲಿ 71ನೇ ಸುತ್ತಿಗೆ ಕಾರು ಹೊರಬಿತ್ತು. ಇದೇ ಕಂಪನಿಯ ಟರ್ಬೋ ಇಲ್ಲದ ಡೀಸೆಲ್ ಕಾರು 1931ರಲ್ಲಿ 500 ಮೈಲಿಯನ್ನು ಒಮ್ಮೆಯೂ ನಿಲ್ಲದೆ ಓಡಿ 13ನೇ ಸ್ಥಾನಕ್ಕೆ ಬಂದಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ರೇಸಿನ ಕಣದ ಮಾತು ಹಾಗಿರಲಿ. ಕೆಎ 33 ಫಲಕದ ಗಾಡಿಗೆ ಹೀಗೆ ಮಾಡಹೊರಟರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಟರ್ಬೋವನ್ನು ಧೂಳಿನಿಂದ ಕಾಯುವ ಕೆಲಸಕ್ಕಂತೂ ಯಾವ ಅಡ್ಡಿಯೂ ಇಲ್ಲ. ತೊಗರಿಯ ರಾಶಿಯ ಕಾಲಕ್ಕೆ ಯಾದಗಿರಿ, ಶಹಾಪುರದ ದಾರಿಗಳಲ್ಲಿ ಹೊಟ್ಟು, ಕರಿಮಣ್ಣಿನ ಪುಡಿ, ಹತ್ತಿಯ ಎಳೆ ಎಲ್ಲ ಗಾಳಿಯಲ್ಲೇ ಇರುತ್ತವೆ. ಲಾರಿಯ ಗಾಳಿಕೊಳವೆ ಕ್ಯಾಬಿನ್ನಿನ ಹಿಂದೆ ಅಷ್ಟೆತ್ತರಕ್ಕೆ ನಿಂತಿರುವುದು ಅದಕ್ಕೇ. ಗ್ಯಾರೇಜಿನಲ್ಲಿ ಫಿಲ್ಟರ್ ಶುಚಿ ಮಾಡುವ ಹುಡುಗ ಗಾಳಿಯನ್ನು ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಊದಬೇಕು. ಹೊರಗಿನಿಂದ ಊದಿದರೆ ಧೂಳು ಕಾಗದದೊಳಗೆ ಇನ್ನಷ್ಟು ಹೂತುಕೊಳ್ಳುತ್ತದೆ. ಕಾಗದದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಆ ಫಿಲ್ಟರನ್ನು ಎಸೆದು ಹೊಸದು ಹಾಕುವುದೇ ಸರಿ.