ಕಾಲು ನೋಡಲು ವಿಡಿಯೊ ಸಾಕು, ಮುಟ್ಟಿ ನೋಡಲು ಪಕ್ಕದಲ್ಲೊಬ್ಬರು ಬೇಕು

ಕಂಪ್ಲಿ ಕಡೆ ಭತ್ತ ನಾಟಿ ಮಾಡುವವರು ದಿನವಿಡೀ ಬರಿಗಾಲಲ್ಲಿ ಕೆಸರಿನಲ್ಲಿರುತ್ತಾರೆ. ಸಂಡೂರಿನ ಗಣಿ ಕೆಲಸಗಾರರ ಪಾದ ಬೂಟಿನೊಳಗೆ ಬೇಯುತ್ತದೆ. ಹಂಪಿಯ ಗೈಡ್‌ಗಳು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಓಡಾಡುತ್ತಾರೆ. ನಮ್ಮ ಭಾಗದ ಹೊಟ್ಟೆಪಾಡು ನಿಂತಿರುವುದೇ ಕಾಲಿನ ಮೇಲೆ. ಆದರೂ ಕಾಲಿಗೆ ಗಾಯವಾದರೆ ಅರಿಶಿನ ಮೆತ್ತಿ ಸುಮ್ಮನಾಗುತ್ತೇವೆ. ಯಾಕೆಂದರೆ ದೊಡ್ಡಾಸ್ಪತ್ರೆ ಬಳ್ಳಾರಿಯಲ್ಲಿದೆ. ಹೊಸಪೇಟೆಯಿಂದಲೇ ಸುಮಾರು 60 ಕಿ.ಮೀ. ಹೋದರೆ ನಮ್ಮ ಕೂಲಿಯೂ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು.

ಹೀಗಿರುವಾಗ ವಿಡಿಯೊದಲ್ಲಿ ಡಾಕ್ಟರಿಗೆ ಕಾಲು ತೋರಿಸುವುದು ಒಳ್ಳೆಯದೇ. ಕೇಂದ್ರ ಸರ್ಕಾರದ ಇ-ಸಂಜೀವನಿ 2019ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಬಾವು, ಬಣ್ಣ, ಬೆರಳ ಸಂದಿನ ಹುಣ್ಣು, ನಡಿಗೆ ಇವೆಲ್ಲ ವಿಡಿಯೊದಲ್ಲಿ ಕಾಣುತ್ತವೆ. ಬೆಳಕಿನಲ್ಲಿ ಕೂತು ಎರಡೂ ಕಾಲನ್ನು ಒಟ್ಟಿಗೆ ತೋರಿಸಿ. ಆಗ ವ್ಯತ್ಯಾಸ ತಿಳಿಯುತ್ತದೆ.

ಆದರೆ ಪಾದದ ನಾಡಿ, ಬಿಸಿ, ಜೋಮು ಫೋನಿನಲ್ಲಿ ಕಾಣುವುದಿಲ್ಲ. ಅದಕ್ಕೆ ಕೈ ಬೇಕು.

ಕಾಲು ಉಳುಕಿದೆಯೋ, ಮೂಳೆ ಮುರಿದಿದೆಯೋ ಎಂದು ಅಂದಾಜು ಮಾಡಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಒಂದು ನಿಯಮ ಕೊಟ್ಟರು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಹರಡಿನ ಅಕ್ಕಪಕ್ಕ ಉಬ್ಬಿದ ಎಲುಬಿನ ಹಿಂಬದಿ ಒತ್ತಿದಾಗ ನೋವಾದರೂ ಬೇಕು. ಹೆಜ್ಜೆ ಇಡುವುದನ್ನು ಡಾಕ್ಟರು ವಿಡಿಯೊದಲ್ಲಿ ನೋಡಬಹುದು, ಒತ್ತುವವರು ಯಾರು? ಇನ್ನು ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಮೂಳೆ ಮುರಿದರೂ ನೋವು ಗೊತ್ತಾಗದೆ ಇರಬಹುದು. ಅವರು ನಡೆದು ತೋರಿಸಿದರೆಂದು ನಂಬಿ ಕೂರುವಂತಿಲ್ಲ.

ಜೋಮು ಇದೆಯೇ ಎಂದು ಮನೆಯವರೇ ನೋಡಬಹುದು. ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ. ಆರರಲ್ಲಿ ಎರಡು ಕಡೆ ಮುಟ್ಟಿದ್ದು ತಿಳಿಯದಿದ್ದರೂ ಡಾಕ್ಟರಿಗೆ ಹೇಳಲೇಬೇಕು.

ಹಾಗಾಗಿ ನಮ್ಮ ಬೇಡಿಕೆ ಇಷ್ಟೇ. ರೋಗಿಯ ಕೈಗೆ ಫೋನ್ ಕೊಟ್ಟು ಜವಾಬ್ದಾರಿ ಕಳೆದುಕೊಳ್ಳಬೇಡಿ. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ವಾರಕ್ಕೊಂದು ದಿನ ಪಾದ ತಪಾಸಣೆ ಇಡಿ. ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿ ಕೂತು, ವಿಡಿಯೊದಲ್ಲಿರುವ ಡಾಕ್ಟರು ಹೇಳಿದಂತೆ ಮುಟ್ಟಿ, ಒತ್ತಿ, ನಾಡಿ ಹಿಡಿದು ನೋಡಲಿ. ಬಳ್ಳಾರಿಗೆ ಯಾರು ಹೋಗಬೇಕು, ಯಾರಿಗೆ ಊರಲ್ಲೇ ಔಷಧಿ ಸಾಕು ಎಂಬುದು ಅಲ್ಲೇ ತೀರ್ಮಾನವಾಗಲಿ.

ಒಂದು ಮಾತು ಮರೆಯಬೇಡಿ. ಗಾಯ ಕಪ್ಪಾಗಿದ್ದರೆ, ವಾಸನೆ ಬರುತ್ತಿದ್ದರೆ, ಕೆಂಪು ಮೇಲಕ್ಕೆ ಹರಡುತ್ತಿದ್ದರೆ, ಜ್ವರವಿದ್ದರೆ ವಿಡಿಯೊಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಒಂದು ದಿನದ ಕೂಲಿ ಮತ್ತೆ ದುಡಿಯಬಹುದು, ಕಾಲು ಹೋದರೆ ಬಾರದು.