ಶಾಲೆಗೆ ಸ್ಮಾರ್ಟ್ ಟಿವಿ ಕೊಡಿಸುವ ಮುನ್ನ

ವಿರಾಜಪೇಟೆ ಬಿಟ್ಟು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದಿರುವ ನಮ್ಮಂಥವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜೂನ್ ಬಂತೆಂದರೆ ಈ ಮಾತು ಬಂದೇ ಬರುತ್ತೆ: "ಊರಿನ ಸರ್ಕಾರಿ ಶಾಲೆಗೆ ಒಂದು ಸ್ಮಾರ್ಟ್ ಕ್ಲಾಸ್ ಮಾಡಿಸೋಣ." ಒಳ್ಳೆ ಮನಸ್ಸಿನ ಮಾತೇ. ಆದರೆ ಟಿವಿ ಬಂದ ಮಾತ್ರಕ್ಕೆ ಮಕ್ಕಳಿಗೆ ಪಾಠ ತಲೆಗೆ ಹತ್ತುತ್ತಾ?

ಇಲ್ಲ ಅನ್ನುತ್ತೆ ಅನುಭವ. ಶಾಲೆಗಳ ಕಂಪ್ಯೂಟರಿಗೆ ಧಾರಾಳವಾಗಿ ಖರ್ಚು ಮಾಡಿದ ದೇಶಗಳಲ್ಲೂ ಓದು, ಗಣಿತ, ವಿಜ್ಞಾನದ ಅಂಕಗಳು ಹೇಳಿಕೊಳ್ಳುವಷ್ಟು ಏರಿಲ್ಲ ಎಂದು ಒಇಸಿಡಿ 2015ರಲ್ಲೇ ವರದಿ ಕೊಟ್ಟಿತ್ತು. ಪೆರು ದೇಶದಲ್ಲಿ ಹಳ್ಳಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದರು. ಗಣಿತ, ಭಾಷೆಯ ಪರೀಕ್ಷೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಹಾಗಂತ ಎಲ್ಲ ದಂಡ ಅಂತಲ್ಲ. ದೆಹಲಿಯಲ್ಲಿ 6ರಿಂದ 9ನೇ ತರಗತಿಯ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶದಲ್ಲಿ ಕಲಿಸಿದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಅವರು ಚೆನ್ನಾಗಿ ಮುಂದೆ ಬಂದರು. ಗುಟ್ಟು ಇಷ್ಟೇ: ಮಗು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಪಾಠ ಶುರುವಾಗುತ್ತಿತ್ತು. ಎಂಟನೇ ತರಗತಿಯವನಿಗೆ ಭಾಗಾಕಾರ ಬರದಿದ್ದರೆ ಮೊದಲು ಭಾಗಾಕಾರ. ಜೊತೆಗೆ ಪಕ್ಕದಲ್ಲಿ ಹೇಳಿಕೊಡುವವರೂ ಇದ್ದರು.

ಈಗ ನಮ್ಮೂರಿನ ತರಗತಿ ನೆನಪಿಸಿಕೊಳ್ಳಿ. ಒಂದೇ ಬೆಂಚಿನಲ್ಲಿ ಮನೆಯಲ್ಲಿ ಕೊಡವ ತಕ್ಕ್, ಮಲಯಾಳ, ಯರವ ಭಾಷೆ ಆಡುವ ಮಕ್ಕಳು. ತೋಟದ ಲೈನ್ ಮನೆಯಿಂದ ಬರುವ ಮಗು ಪುಸ್ತಕದ ಕನ್ನಡದ ಒಂದು ಪದಕ್ಕೆ ಸಿಕ್ಕಿಕೊಂಡರೆ ವಿಡಿಯೊ ನಿಲ್ಲಲ್ಲ, ಓಡ್ತಾನೇ ಇರುತ್ತೆ. ನಿಲ್ಲಿಸಿ ಬಿಡಿಸಿ ಹೇಳೋಕೆ ಟೀಚರ್ರೇ ಬೇಕು. ಕಕ್ಕಡದ ಮಳೆಗೆ ಕರೆಂಟ್ ಹೋದರಂತೂ ಆ ವಿಡಿಯೊವೂ ಇಲ್ಲ. ಕೋವಿಡ್ ಕಾಲದಲ್ಲಿ ಕೊಡಗಿನದೇ ಮುಳ್ಳೂರಿನ ಶಿಕ್ಷಕರೊಬ್ಬರು ನೆಟ್‌ವರ್ಕ್ ಹುಡುಕಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಆನ್‌ಲೈನ್ ಪಾಠ ಮಾಡಿದ್ದರು. ಅಲ್ಲಿ ದುಡಿದದ್ದು ಫೋನಿಗಿಂತ ಆ ಮೇಷ್ಟ್ರ ಹಟ.

ಹಾಗೆ ನೋಡಿದರೆ ಪಾಠಗಳಿಗೇನೂ ಕೊರತೆಯಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 'ದೀಕ್ಷಾ'ದಲ್ಲಿ ಉಚಿತವಾಗೇ ಸಿಗುತ್ತವೆ.

ಹಾಗಾಗಿ ದುಡ್ಡು ಕೂಡಿಸುವ ಮೊದಲು ಮುಖ್ಯೋಪಾಧ್ಯಾಯರಿಗೆ ಒಂದು ಫೋನ್ ಮಾಡಿ. ಯಾವ ತರಗತಿಯ ಮಕ್ಕಳು ಯಾವ ಲೆಕ್ಕದಲ್ಲಿ ಹಿಂದಿದ್ದಾರೆ? ಕರೆಂಟ್ ಹೋದರೆ ಯುಪಿಎಸ್ ಇದೆಯಾ? ಕೆಟ್ಟರೆ ಮುಂದಿನ ವರ್ಷ ರಿಪೇರಿ ಯಾರದು? ಸಂಜೆ ಒಂದು ಗಂಟೆ ಮಕ್ಕಳ ಜೊತೆ ಕೂರೋರು ಊರಲ್ಲಿ ಯಾರಿದ್ದಾರೆ? ಕೊನೆಯ ಪ್ರಶ್ನೆಗೆ ಒಂದು ಹೆಸರು ಸಿಕ್ಕರೆ ಮೊದಲ ಕಂತು ಅವರ ಗೌರವಧನಕ್ಕೆ ಹೋಗಲಿ. ಟಿವಿ ಆಮೇಲೆ ತಗೊಂಡರಾಯಿತು.