ತಾಯಿಯನ್ನು ಕಟಕಟೆಗೆ ಎಳೆಯದಿರೋಣ

ಮಗು ಕೂತಲ್ಲಿ ಕೂರದು, ಹೇಳಿದ್ದನ್ನು ಮರುಕ್ಷಣವೇ ಮರೆಯುತ್ತದೆ ಎಂದು ಶಾಲೆಯಿಂದ ದೂರು ಬಂದೊಡನೆ ನಮ್ಮವರು ಎರಡು ಗಾದೆಗಳಲ್ಲಿ ಒಂದನ್ನು ಕೈಗೆತ್ತಿಕೊಳ್ಳುತ್ತಾರೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ತಾಯಿಯ ಪಾಲನೆಯನ್ನು ಹಳಿಯುತ್ತಾರೆ; ಇಲ್ಲವೇ 'ನೂಲಿನಂತೆ ಸೀರೆ' ಎಂದು ವಂಶದ ಮೇಲೆ ಹೊರಿಸಿ ಕೈಚೆಲ್ಲುತ್ತಾರೆ. ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆಯ, ಅಂದರೆ ಎಡಿಎಚ್‌ಡಿಯ, ವಿಷಯದಲ್ಲಿ ಈ ಎರಡು ತೀರ್ಪುಗಳನ್ನೂ ನಾವು ಒಪ್ಪಲಾರೆವು.

ವಂಶದ ಪಾಲು ದೊಡ್ಡದೆಂಬುದು ನಿಜ. ಅವಳಿ ಮಕ್ಕಳ ಅಧ್ಯಯನಗಳು ಇದರ ಅನುವಂಶೀಯತೆಯನ್ನು ಸುಮಾರು ಶೇ. 74 ಎಂದು ಅಂದಾಜಿಸಿವೆ. ಆದರೆ ಆ ಅಂಕಿ ಒಂದು ಜನಸಮೂಹದ ಮಕ್ಕಳ ನಡುವಣ ವ್ಯತ್ಯಾಸವನ್ನು ಕುರಿತದ್ದು. ನಮ್ಮ ಮನೆಯ ಮಗುವಿನ ಚಡಪಡಿಕೆಯಲ್ಲಿ ಮುಕ್ಕಾಲು ವಂಶವಾಹಿಯದು, ಕಾಲು ಅಮ್ಮನದು ಎಂದು ಪಾಲುಪತ್ರ ಬರೆಯಲು ಅದು ಒದಗದು.

ಇನ್ನು ಮನೆಯ ವಾತಾವರಣ. ಗದರಿಕೆ ಹೆಚ್ಚಿರುವ ಮನೆಯಲ್ಲಿ ಇಂಥ ಮಗುವಿದ್ದರೆ ಗದರಿಕೆಯೇ ಕಾರಣವೆನ್ನುವವರು ರಸೆಲ್ ಬಾರ್ಕ್ಲಿ ಮತ್ತು ಚಾರ್ಲ್ಸ್ ಕನಿಂಗ್‌ಹ್ಯಾಮ್ 1979ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಗಮನಿಸಲಿ. ಅತಿಚಟುವಟಿಕೆಯ ಮಕ್ಕಳಿಗೆ ಮೀಥೈಲ್‌ಫೆನಿಡೇಟ್ ಕೊಟ್ಟಾಗ ತಾಯಂದಿರ ಅಪ್ಪಣೆಗಳೂ ತಗ್ಗಿದವು. ಔಷಧ ನುಂಗಿದ್ದು ಮಕ್ಕಳು, ಬದಲಾದದ್ದು ತಾಯಂದಿರೂ ಹೌದು! ಮಗುವಿನ ಹುಟ್ಟುಗುಣವೇ ಮನೆಯ ಸಿಡುಕನ್ನು ಹೆಚ್ಚಿಸಬಹುದು. ಆ ಸಿಡುಕು ಮತ್ತೆ ಮಗುವನ್ನು ಕಾಡಬಹುದು. ಅದೇ ಗುಣ ಹೆತ್ತವರಲ್ಲೂ ಇದ್ದರೆ ಮನೆಯ ದಿನಚರಿ ತಾಳತಪ್ಪುವುದು ಇನ್ನೂ ಸುಲಭ. ಇಲ್ಲಿ ವಂಶವನ್ನೂ ವಾತಾವರಣವನ್ನೂ ಬೇರ್ಪಡಿಸಿ ತೂಗುವ ತಕ್ಕಡಿಯಿಲ್ಲ.

ಹಾಗೆಂದು ವಾತಾವರಣ ನಗಣ್ಯವಲ್ಲ. ರುಮೇನಿಯಾದ ಅನಾಥಾಲಯಗಳಲ್ಲಿ ಎಳವೆಯಲ್ಲೇ ತೀವ್ರ ಅಲಕ್ಷ್ಯಕ್ಕೆ ಒಳಗಾಗಿ, ಮುಂದೆ ಬ್ರಿಟನ್ನಿನ ಮನೆಗಳಿಗೆ ದತ್ತು ಹೋದ ಮಕ್ಕಳಲ್ಲಿ ಹಲವರಿಗೆ ಗಮನದ ತೊಂದರೆ ವರ್ಷಗಟ್ಟಲೆ ಉಳಿಯಿತು. ಆರು ವರ್ಷ ತುಂಬದ ಮಕ್ಕಳಿಗೆ ಔಷಧಕ್ಕಿಂತ ಮೊದಲು ಹೆತ್ತವರಿಗೆ ತರಬೇತಿ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಸೂಚಿಸಿದೆ. ಹೆತ್ತವರು ತಪ್ಪಿತಸ್ಥರೆಂದಲ್ಲ, ಮಗುವಿಗೆ ಅವರೇ ಹತ್ತಿರದ ಆಸರೆಯೆಂದು.

ಅಜ್ಜ–ಅಜ್ಜಿಯರ ನೆರವಿಲ್ಲದ ನಮ್ಮ ಹೊರನಾಡಿನ ಮನೆಗಳಲ್ಲಿ ತಾಯಿಗೆ ಇನ್ನೊಂದು ಆರೋಪವೂ ಕಾದಿರುತ್ತದೆ: 'ಮನೆಯಲ್ಲಿ ಕನ್ನಡವಾಡಿ ಮಗುವನ್ನು ಗೊಂದಲಕ್ಕೆ ಕೆಡವಿದಿರಿ.' ಎರಡು ಭಾಷೆ ಕೇಳಿ ಬೆಳೆದರೆ ಎಡಿಎಚ್‌ಡಿ ಬರುತ್ತದೆನ್ನಲು ಆಧಾರವಿಲ್ಲ. ಶಾಲೆಗಳನ್ನೂ ಬಂಧುಗಳನ್ನೂ ನಾವು ಕೇಳುವುದಿಷ್ಟೇ: ತಪ್ಪು ಯಾರದೆಂದು ಹುಡುಕುವ ಮುನ್ನ ಮಗುವನ್ನು ತಜ್ಞರ ಬಳಿ ಕಳುಹಿಸಿ, ತಾಯಿಯ ಹೆಗಲ ಭಾರವನ್ನು ಒಂದಿಷ್ಟು ಹಂಚಿಕೊಳ್ಳಿ.